ಹರಿಣಾಕ್ಷಿ ಚಾರಣಕ್ಕೆ ಹೋಗಿದ್ದಾಳೆ

ಮುಂಬೈಯಲ್ಲಿ ಮೂವತ್ತನಾಲ್ಕು ವರ್ಷ ಹೋಟೆಲು ನಡೆಸಿದ ಶೇಷಪ್ಪ ನಿವೃತ್ತಿಯಲ್ಲಿ ಬಯಸಿದ್ದು ಒಂದೇ. ಇಷ್ಟು ಕಾಲ ಊರಲ್ಲಿ, ಸಿದ್ಧಕಟ್ಟೆಯಲ್ಲಿ, ಒಬ್ಬಳೇ ಇದ್ದ ಹೆಂಡತಿ ಇನ್ನು ತನ್ನ ಪಕ್ಕದಲ್ಲಿ ಕೂತಿರಬೇಕು. ಅದಕ್ಕೇ ನೆರಿಯದ ಗುಡ್ಡದಲ್ಲಿ ಎದ್ದ ಹೊಸ ಬಡಾವಣೆಯಲ್ಲಿ ಮನೆ ಕೊಂಡ. ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸಿದ.

ಹರಿಣಾಕ್ಷಿ ಕೂರಲಿಲ್ಲ. ಅಲ್ಲಿನ ನಿವೃತ್ತರೆಲ್ಲ ಬೆಳಿಗ್ಗೆ ಗುಡ್ಡ ಹತ್ತುವವರು, ಸೈಕಲ್ ತುಳಿಯುವವರು. ಅರವತ್ತರಲ್ಲಿ ಅವಳೂ ಬೂಟು ಹಾಕಿದಳು. ಆರು ತಿಂಗಳಲ್ಲಿ ಎಲ್ಲರಿಗಿಂತ ಮುಂದೆ ನಡೆದಳು. ಮಂಡಿನೋವಿನ ಶೇಷಪ್ಪ ಜಗಲಿಯಿಂದ ಅವಳ ಬೆನ್ನು ನೋಡುತ್ತ ಚಹಾ ಕುಡಿದ. ಬೇಸಿಗೆಯಲ್ಲಿ ಅವಳು ಹೇಳಿದಳು, "ಹಿಮಾಲಯಕ್ಕೆ ಹೋಗ್ತೇನೆ, ಮೂರು ತಿಂಗಳು. ಬಂದ ಮೇಲೆ ಬೇರೆ ಇರ್ತೇನೆ. ಕೋಪ ಇಲ್ಲ ನಿಮ್ಮ ಮೇಲೆ. ಒಬ್ಬಳೇ ಇದ್ದು ಅಭ್ಯಾಸ ಆಗಿ ಹೋಗಿದೆ."

ಆ ಮಾತಿನ ಮೆಲುದನಿಯೇ ಅವನನ್ನು ಸುಟ್ಟಿತು. ಅವನು ಯೋಚಿಸತೊಡಗಿದ.

ಯೋಜನೆಗೆ ಬೇಕಾದ ಸುಳ್ಳೆಲ್ಲ ಅವಳೇ ನಿಜ ಮಾಡಿಟ್ಟಿದ್ದಳು. ಟಿಕೆಟು ನಿಜ, ಬೆನ್ನುಚೀಲ ನಿಜ, ಹೊರಡುತ್ತಾಳೆಂದು ಇಡೀ ಬಡಾವಣೆಗೆ ಗೊತ್ತಿದ್ದುದೂ ನಿಜ. ಹೊರಡುವ ಮುಂಜಾನೆ ಅವನು ಕೇಳಿದ, "ಒಮ್ಮೆ ನನ್ನ ಜೊತೆ ನಡೆ." ಮನೆಯ ಹಿಂದಿನ ಇಳಿಜಾರಿನ ಹಳೆಯ ಕೆಂಪುಕಲ್ಲಿನ ಕೋರೆಯನ್ನು ಮಣ್ಣು ಹಾಕಿ ಮುಚ್ಚುತ್ತಿದ್ದರು. ಅದರ ಅಂಚಿನಲ್ಲಿ, ಗಂಡನ ಮಂಡಿಗೆ ಆಸರೆಯಾಗಲೆಂದು, ಅವಳು ಕೈ ಚಾಚಿದಳು. ಆ ಕೈ ಹಿಡಿದೇ ಅವನು ನೂಕಿದ. ಮನೆಯಿಂದ ಬೆನ್ನುಚೀಲವನ್ನೂ ತಂದು ಎಸೆದು ಒಂದಿಷ್ಟು ಮಣ್ಣು ಜಾರಿಸಿದ. ಬೆಳಗಾದ ಮೇಲೆ ಲಾರಿಗಳು ಉಳಿದದ್ದನ್ನು ಮಾಡಿದವು.

ಬಿ.ಸಿ.ರೋಡಿನ ರೈಲು ನಿಲ್ದಾಣದವರೆಗೆ ಕಾರು ಓಡಿಸಿ ಬಂದ. ಬಡಾವಣೆಯ ಗೇಟು ಕಾಯುವ ಚನಿಯಪ್ಪನಿಗೆ ಹೋಗುವಾಗಲೇ ಹೇಳಿದ್ದ, "ಅಮ್ಮ ಹಿಂದೆ ಮಲಗಿದ್ದಾರೆ, ಟ್ರೈನಿಗೆ ಬಿಟ್ಟು ಬರ್ತೇನೆ." ಅವಳ ಮೊಬೈಲು ಅವನಲ್ಲೇ ಉಳಿಯಿತು. ವಾರಕ್ಕೊಮ್ಮೆ ಅದರಿಂದ ಅವಳ ತಂಗಿ ರಾಜೀವಿಗೆ ನಾಲ್ಕು ಸಾಲು ಕಳಿಸುತ್ತಿದ್ದ: ಚಳಿ ಉಂಟು, ಸಿಗ್ನಲ್ ಇಲ್ಲ, ಆರಾಮ ಇದ್ದೇನೆ. ಪೊಲೀಸರಿಗೆ ದೂರೇ ಹೋಗದ ಮೇಲೆ ಮೊಬೈಲಿನ ಟವರ್ ಹುಡುಕುವವರು ಯಾರು?

"ಶೇಷಪ್ಪಣ್ಣ, ಹರಿಣಾಕ್ಷಿ ಒಂದು ಫೋಟೋ ಹಾಕ್ಲಿಲ್ಲ ಮಾರಾಯ್ರೆ! ಹಿಮ ಕಂಡದ್ದೇ ನಮ್ಮನ್ನು ಮರ್ತಳಾ?" ಎಂದು ಪಕ್ಕದ ಮನೆಯ ಪದ್ಮಲತಾ ರೇಗಿಸಿದರು.

"ಕಟ್ಟಿಕೊಂಡವನನ್ನೇ ಮರ್ತಿದ್ದಾಳೆ. ನಿಮ್ಮದು ದೊಡ್ಡದಾ?"

ಅವರು ನಕ್ಕರು. ಅವನೂ ನಕ್ಕ. ಒಳಗೆ ಬಂದು ಖಾಲಿ ಕುರ್ಚಿಯ ಮೇಲಿನ ಧೂಳು ಒರೆಸಿದ. ಅಳು ಬಂತು. ಅದೂ ಅನುಕೂಲವೇ ಆಯಿತು. ಹೆಂಡತಿ ಬಿಟ್ಟುಹೋದ ಮುದುಕನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಮಳೆಗಾಲದ ಆಟಿ ತಿಂಗಳು ಬಂತು. ಮನೆಯ ತೀರಿಕೊಂಡವರಿಗೆ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ ಬಡಿಸುವ ಕಾಲ. ಹೆಂಗಸಿಲ್ಲದ ಮನೆಯೆಂದು ರಾಜೀವಿಯೇ ಬಂದು ಕೋಳಿಸಾರು, ರೊಟ್ಟಿ, ಪತ್ರೊಡೆ ಮಾಡಿದಳು. "ಅಕ್ಕ ಇವತ್ತೂ ಮೆಸೇಜ್ ಮಾಡಿದ್ದಾಳೆ ಭಾವ. ಮುಂದಿನ ತಿಂಗಳು ಬರ್ತಾಳಂತೆ. ನೀವು ಹೀಗೆ ಸೊರಗಬೇಡಿ," ಎಂದಳು. ಬಡಿಸುವುದು ಮನೆಯ ಯಜಮಾನನ ಕೆಲಸ. ಶೇಷಪ್ಪ ಒಬ್ಬನೇ ಒಳಗೆ ಹೋಗಿ ಬಡಿಸಿ, ದೀಪವಿಟ್ಟು, ಗತಿಸಿದವರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಬಂದ. ಎಷ್ಟೋ ವಾರಗಳ ಮೇಲೆ ಮನಸ್ಸು ಹಗುರವಾಗಿತ್ತು. ಯಾಕೆಂದು ಅವನು ಯೋಚಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ರಾಜೀವಿ ಬಾಗಿಲು ತೆರೆದಳು. ತೆರೆದವಳು ಹೊಸ್ತಿಲಲ್ಲೇ ನಿಂತಳು. ಶೇಷಪ್ಪನ ಅಪ್ಪ, ಅಮ್ಮ, ಅಣ್ಣ: ಆ ಮನೆಯಲ್ಲಿ ಎಲೆ ಹಾಕಬೇಕಾದವರು ಮೂವರು. ದೀಪದ ಮುಂದೆ ನಾಲ್ಕು ಎಲೆಗಳಿದ್ದವು. ಮೂರರಲ್ಲಿ ಕೋಳಿ. ನಾಲ್ಕನೆಯದರಲ್ಲಿ ಕೋಳಿಯ ಚೂರೂ ಇಲ್ಲ, ಪತ್ರೊಡೆ ಮಾತ್ರ, ಪಕ್ಕದಲ್ಲಿ ಒಂದು ತುಂಡು ಬೆಲ್ಲ. ಹಾಗೆ ಉಣ್ಣುತ್ತಿದ್ದವಳು ಇಡೀ ಕುಟುಂಬದಲ್ಲಿ ಒಬ್ಬಳೇ. ಅವಳು ಹಸಿದಿರಬಾರದೆಂದು ಶೇಷಪ್ಪನ ಕೈ, ಅವನನ್ನು ಕೇಳದೆ, ಬಡಿಸಿಬಿಟ್ಟಿತ್ತು. ರಾಜೀವಿ ತಿರುಗಿದಳು. "ಭಾವ," ಎಂದಳು, "ಅಕ್ಕನಿಗೆ ಯಾಕೆ ಎಲೆ ಹಾಕಿದ್ದೀರಿ?"