ತುಕ್ಕಿನಲ್ಲಿ ಗಿಟಾರ್ ಇದೆಯೇ?

ಪರಶ್ರವಣ ಯಂತ್ರದ ಹಸಿರು ದೀಪ ಹೊತ್ತಿಕೊಂಡಾಗ ಮುರುಗೇಶ ಜಾಲಿಹಾಳನ ಬಾಯಲ್ಲಿ ಹತ್ತಿ ತುರುಕಿತ್ತು. ಅಲ್ಲಿದ್ದ ಎರಡು ಹಲ್ಲುಗಳನ್ನು ಹಿಂದಿನ ವಾರವಷ್ಟೇ ಎದುರು ಕುರ್ಚಿಯ ಪ್ರಭಾಕರ ತಿರ್ಲಾಪುರ ಉದುರಿಸಿದ್ದ. ಪ್ರಭಾಕರನ ಬಲ ಮುಂಗೈಗೆ ದಪ್ಪ ಪ್ಲಾಸ್ಟರ್ ಕಟ್ಟಿತ್ತು. ಆ ಮೂಳೆ ಮುರಿದವನು ಮುರುಗೇಶ. ಜಗಳದ ವಿಷಯ ಆಸ್ತಿಯಲ್ಲ, ಹೆಣ್ಣಲ್ಲ. ಒಂದು ಆಲ್ಬಮ್.

ಹುಬ್ಬಳ್ಳಿಯ ರಾಕ್ ತಂಡ ‘ಕುಲುಮೆ’. ಅದರ ಮೊದಲ ಆಲ್ಬಮ್ ‘ಕೆಂಡ’ ಬಂದಾಗ ಅಭಿಮಾನಿಗಳೆಲ್ಲ ಒಂದಾಗಿದ್ದರು. ಎರಡನೆಯದು, ‘ತುಕ್ಕು’, ಊರನ್ನು ಸೀಳಿತು. ಅದರ ಗಿಟಾರ್ ಕೇಳಲೆಂದೇ ತಾನು ಹುಟ್ಟಿದ್ದೆಂದು ಮುರುಗೇಶ ಸಾರಿದ. ತಂಡ ಗಿಟಾರನ್ನೇ ಕೈಬಿಟ್ಟು ದ್ರೋಹ ಮಾಡಿದೆಯೆಂದು ಪ್ರಭಾಕರ ಘೋಷಿಸಿದ. ಗಿಟಾರ್ ಇದೆಯೋ ಇಲ್ಲವೋ ಎಂಬುದು ಅಭಿಪ್ರಾಯದ ಮಾತಲ್ಲ ಎಂದು ನೀವು ಹೇಳಬಹುದು. ನೀವು ಅಭಿಮಾನಿಗಳನ್ನು ಕಂಡಿಲ್ಲ. ಪ್ರಭಾಕರನ ಹಿಂಬಾಲಕರಿಗೆ ಗಿಟಾರ್ ಚೆನ್ನಾಗಿಯೇ ಕೇಳುತ್ತಿತ್ತು. ನಾಯಕನ ಮಾತಿನಲ್ಲಿ ಏನೋ ಗೂಢಾರ್ಥವಿರಬೇಕೆಂದು ಅವರೂ ಇಲ್ಲವೆಂದೇ ಕೂಗಿದರು, ಸೈಕಲ್ ಚೈನು ಬೀಸಿದರು. ಒಬ್ಬನ ಕಣ್ಣು ಹೋಯಿತು. ಇನ್ನೊಬ್ಬ ಆಸ್ಪತ್ರೆ ತಲುಪುವ ಮೊದಲೇ ಸತ್ತ.

ಆಗ ಸರ್ಕಾರ ಕಾಯಿದೆ ತಂದಿತು. ಹೊಡೆದಾಡಿದ ಅಭಿಮಾನಿಗಳನ್ನು ಮೊದಲು ಪರಶ್ರವಣಕ್ಕೆ ಕೂರಿಸಬೇಕು. ಆಮೇಲೂ ರಾಜಿಯಾಗದಿದ್ದರೆ ನಾದಬಂಧ: ಕಿವಿಯೊಳಗೆ ಸಾಸಿವೆಯಷ್ಟು ದೊಡ್ಡ ತಡೆಕಣವೊಂದನ್ನು ಕೂರಿಸುತ್ತಾರೆ, ಆ ತಂಡದ ಸಂಗೀತ ಮತ್ತೆಂದೂ ಕೇಳಿಸುವುದಿಲ್ಲ. ಮುರುಗೇಶ ಜೈಲಿಗೆ ಅಂಜುವವನಲ್ಲ. ಅವನು ಅಂಜುತ್ತಿದ್ದದ್ದು ಕುಲುಮೆ ಇಲ್ಲದ ಬದುಕಿಗೆ.

ಯಂತ್ರದ ತತ್ವ ಸರಳ. ಕಿವಿಗೆ ಬಿದ್ದ ಸದ್ದು ಒಳಗಿವಿಯಲ್ಲಿ ವಿದ್ಯುತ್ ಮಿಡಿತವಾಗಿ ಶ್ರವಣನರದ ಮೂಲಕ ಮಿದುಳಿಗೆ ಹೋಗುತ್ತದೆ. ಒಬ್ಬನ ನರದ ಮಿಡಿತವನ್ನು ಹಿಡಿದು ಇನ್ನೊಬ್ಬನ ನರಕ್ಕೆ ಹರಿಸಿದರೆ ಇವನು ಅವನ ಕಿವಿಯಿಂದ ಕೇಳುತ್ತಾನೆ. ವೈರಿಯ ಕಿವಿಯಿಂದ ಕೇಳಿದವನು ವೈರಿಯ ಮೇಲೆ ಕೈ ಎತ್ತಲಾರ ಎಂಬುದು ಇದನ್ನು ಕಂಡುಹಿಡಿದ ಡಾ. ವೃಂದಾ ಕಟ್ಟಿಯವರ ನಂಬಿಕೆ. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ.

ಮೊದಲ ಸರದಿ ಮುರುಗೇಶನದು, ಪ್ರಭಾಕರನ ಕಿವಿಯಿಂದ ಅವನು ಕೇಳಬೇಕು. ತುಕ್ಕು ಶುರುವಾಯಿತು. ಮುರುಗೇಶ ಹುಬ್ಬು ಗಂಟಿಕ್ಕಿ, ಹತ್ತಿಯನ್ನು ಉಗುಳಿದ.

“ನಿಮ್ಮ ಮಷೀನ್ ಕೆಟ್ಟೈತ್ರಿ ಮೇಡಂ. ಎಡಗಡೆ ಏನೂ ಬರವಲ್ದು. ಗಿಟಾರ್ ಎಲ್ಲಿ ಹೋತು?”

“ಇಷ್ಟ್ ವರ್ಷ ನಾ ಅದನ್ನ ಬಡಕೊಳ್ಳಾಕತ್ತೀನಲ್ಲಲೇ ಮುರಗ್ಯಾ,” ಎಂದ ಪ್ರಭಾಕರ, ತೃಪ್ತಿಯಿಂದ.

ವೃಂದಾ ಪರದೆ ನೋಡಿದರು. ಯಂತ್ರ ಸರಿಯಾಗಿತ್ತು, ಸತ್ತಿದ್ದದ್ದು ಪ್ರಭಾಕರನ ಎಡಗಿವಿ. ತುಕ್ಕನ್ನು ಧ್ವನಿಮುದ್ರಿಸಿದವರು ಗಿಟಾರನ್ನು ಪೂರ್ತಿ ಎಡಕ್ಕೆ ಹಾಕಿದ್ದರು, ಹೆಡ್‌ಫೋನಿನಲ್ಲಿ ಅದು ಎಡಗಿವಿಗಷ್ಟೇ ಕೇಳುತ್ತಿತ್ತು.

ಕಿವಿ ಕೆಟ್ಟದ್ದು ಪ್ರಭಾಕರನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಕೆಂಡ ಬಿಡುಗಡೆಯ ದಿನ ಸ್ಪೀಕರ್ ಎದುರು ನಿಂತು ಮೈಮರೆತು ಬಿದ್ದಿದ್ದ, ಎದ್ದಾಗ ಎಡಗಿವಿ ಹೋಗಿತ್ತು. ಅದು ಕುಲುಮೆಗೆ ಕೊಟ್ಟ ಕಾಣಿಕೆಯೆಂದು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದವನೇ ಅವನು.

“ಸದ್ದಿನಿಂದ ಹೋದದ್ದಲ್ಲ ಇದು,” ಎಂದರು ವೃಂದಾ. “ಕಿವಿಯ ಹಿಂದಿನ ಮೂಳೆ ಒಡೆದು ಕೂಡಿದೆ, ನರ ಮಾತ್ರ ಉಳಿದಿದೆ. ಯಾರೋ ಹಿಂದಿನಿಂದ ಹೊಡೆದಿದ್ದಾರೆ.”

ಮುರುಗೇಶನಿಗೆ ಕೆಂಡ ಬಿಡುಗಡೆಯ ಆ ರಾತ್ರಿ ನೆನಪಾಯಿತು. ಅಂದು ಕತ್ತಲಲ್ಲಿ ಮುಂದೆ ನಿಂತಿದ್ದವನೊಬ್ಬ, ಡ್ರಮ್ಮಿನವನ ಲಯ ಓಡುತ್ತಿದೆ ಎಂದಿದ್ದ. ಮುರುಗೇಶ ಮೈಕ್ ಸ್ಟ್ಯಾಂಡ್ ಎತ್ತಿಕೊಂಡಿದ್ದ. ಮುಖ ಕಂಡಿರಲಿಲ್ಲ, ಹಳದಿ ಅಂಗಿ ಕಂಡಿತ್ತು, ಅದರ ಕಾಲರಿಗೆ ರಕ್ತ ಇಳಿದದ್ದು ಕಂಡಿತ್ತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ರಾಜಿ, ಬಿಟ್ಟರೆ ನಾದಬಂಧ. ಅವನು ಬಾಯಿ ಮುಚ್ಚಿಕೊಂಡ.

ವೃಂದಾ ಮಿಡಿತದ ದಿಕ್ಕು ಬದಲಿಸಿದರು. ಈಗ ಮುರುಗೇಶನ ಕಿವಿಯಿಂದ ಪ್ರಭಾಕರ ಕೇಳಬೇಕು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಪ್ರಭಾಕರನ ಗಡ್ಡ ಒದ್ದೆಯಾಗಿತ್ತು.

“ಐತಲೇ,” ಎಂದ ಮೆಲ್ಲಗೆ. “ಎಂಥಾ ಗಿಟಾರಲೇ ಇದು. ಮೊದಲಿಂದ್ಲೂ ಇತ್ತೇನು?”

ಬೈದಿದ್ದರೆ ಮುರುಗೇಶ ತಡೆದುಕೊಳ್ಳುತ್ತಿದ್ದ.

“ಪಬ್ಯಾ, ಅವತ್ತು ಹಳದಿ ಅಂಗಿ ಹಾಕ್ಕೊಂಡಿದ್ದೇನು?”

ಪ್ರಭಾಕರನಿಗೆ ಅರ್ಥವಾಗಲು ಒಂದು ಸಾಲು ಹಾಡು ಹಿಡಿಯಿತು. ಅವನು ತಲೆಯ ಪಟ್ಟಿಯನ್ನು ತಂತಿಸಮೇತ ಕಿತ್ತೆಸೆದ, ಎದ್ದ, ಪ್ಲಾಸ್ಟರ್ ಕಟ್ಟಿದ ಕೈಯನ್ನು ತೋಳಿನಿಂದ ಬೀಸಿ ಮುರುಗೇಶನ ಎಡಗಿವಿಗೆ ಇಳಿಸಿದ. ಮತ್ತೊಮ್ಮೆ ಇಳಿಸಿದ. ಆ ಆಯುಧ ಮುರುಗೇಶನೇ ಮಾಡಿಕೊಟ್ಟದ್ದು, ಗಟ್ಟಿಯಾಗಿತ್ತು. ಮೂರನೆಯ ಏಟಿಗೆ ಪ್ಲಾಸ್ಟರ್ ಸಿಡಿಯಿತು, ಕುರ್ಚಿ ಮಗುಚಿತು, ಕಿವಿಯಿಂದ ರಕ್ತ ನೆಲಕ್ಕೆ ಹರಿಯಿತು.

ಪೊಲೀಸರು ಬಂದು ಕೇಳಿದಾಗ ಮುರುಗೇಶ ನೆಲದ ಮೇಲೆಯೇ ಕುಳಿತಿದ್ದ.

“ಯಾರೂ ಹೊಡದಿಲ್ರಿ,” ಎಂದ. “ಸ್ಪೀಕರ್ ಹತ್ರ ಕುಂತಿದ್ದೆ.”

ವೃಂದಾ ಎಲ್ಲವನ್ನೂ ನೋಡಿದ್ದರು. ಆದರೆ ಯಂತ್ರದ ಮಾನವೂ ಅವರಿಗೆ ಮುಖ್ಯವಾಗಿತ್ತು. ರಾಜಿಯಾಗಿದೆ ಎಂದು ವರದಿ ಕೊಟ್ಟರು.

ಗಾಯ ಮಾಗಿದ ಮೇಲೆ ಮುರುಗೇಶ ಹೆಡ್‌ಫೋನಿನಲ್ಲಿ ತುಕ್ಕು ಹಾಕಿ ಕೇಳಿದ. ಡ್ರಮ್ ಇತ್ತು, ದನಿ ಇತ್ತು. ಗಿಟಾರ್ ಇರಲಿಲ್ಲ. ಯಂತ್ರದ ಹಂಗಿಲ್ಲದೆ ಅವನು ಈಗ ಪ್ರಭಾಕರನ ಕಿವಿಯಿಂದಲೇ ಕೇಳುತ್ತಿದ್ದ. ಬಾಗಿಲಲ್ಲಿ ಪ್ರಭಾಕರ ನಿಂತಿದ್ದ, ಕೈಗೆ ಹೊಸ ಪ್ಲಾಸ್ಟರ್.

“ಗಿಟಾರ್ ಇಲ್ಲಲೇ ಇದರಾಗ,” ಎಂದ ಮುರುಗೇಶ, ಹೆಡ್‌ಫೋನ್ ತೆಗೆದು.

“ಐತಿ,” ಎಂದ ಪ್ರಭಾಕರ. ಬಂದು ಅವನ ಬಲಕ್ಕೆ ಕುಳಿತ. ಕಿವಿಯ ಹತ್ತಿರ ಬಾಯಿ ತಂದು, ಒಂದೇ ಒಂದು ಸಲ ಕೇಳಿದ್ದ ಆ ಗಿಟಾರನ್ನು ಮೂಗಿನಲ್ಲಿ ಗುನುಗತೊಡಗಿದ.

ಶ್ರುತಿ ಇಳಿದಿತ್ತು. ಲಯ ಓಡುತ್ತಿತ್ತು. ಮುರುಗೇಶನ ಮುಷ್ಟಿ ತಾನಾಗಿ ಬಿಗಿಯಿತು, ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವನು ತಲೆಯನ್ನು ಇನ್ನಷ್ಟು ಬಲಕ್ಕೆ ವಾಲಿಸಿದ.