ನೀಲಿ ಬೆರಳಿನ ಗುರುತು

ಬಹಳ ಹಿಂದೆ, ಏಳು ಗುಡ್ಡಗಳ ಆಚೆ ಮೂಡಗಿರಿ ಎಂಬ ರಾಜ್ಯವಿತ್ತು. ಅಲ್ಲಿ ನೂಲಿಗೆ ನೀಲಿ ಬಣ್ಣ ಹಾಕುವವರ ಕೇರಿಯೊಂದಿತ್ತು. ಕೇರಿಯ ಹೆಂಗಸರು ದಿನವಿಡೀ ನೂಲನ್ನು ಬಣ್ಣದ ಬಾನಿಯಲ್ಲಿ ಅದ್ದುತ್ತಿದ್ದರು. ಒಬ್ಬಳು ಮಾತ್ರ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಕತೆ ಓದುತ್ತಿದ್ದಳು. ಅವಳ ಪಾಲಿನ ನೂಲನ್ನು ಉಳಿದವರು ಹಂಚಿಕೊಂಡು ಅದ್ದುತ್ತಿದ್ದರು. ಅದು ಆ ಕೇರಿಯ ಪದ್ಧತಿ.

ಹಾಗೆ ಓದುತ್ತಿದ್ದವಳು ಹುಲಿಗೆವ್ವ. ಅರವತ್ತು ದಾಟಿದ ಮೇಲೆ ಮಗಳು ದುರುಗಿಯಿಂದ ಅಕ್ಷರ ಕಲಿತವಳು. ವರ್ಷಗಟ್ಟಲೆ ನೂಲು ಅದ್ದಿ ನೀಲಿ ಹತ್ತಿದ ಬೆರಳನ್ನು ಸಾಲಿನ ಕೆಳಗಿಟ್ಟು ತಡವರಿಸಿ ಓದುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಒಂದೇ ಪುಸ್ತಕ, ಮೊಸಳೆ ಮದುಮಗನ ಕತೆ. ಮುಗಿದರೆ ಮತ್ತೆ ಮೊದಲಿಂದ.

ಆ ರಾಜ್ಯದಲ್ಲಿ ಗಹನಕೇತು ಎಂಬ ಮಾಂತ್ರಿಕನಿದ್ದ. ತಕ್ಕಡಿ ಹಿಡಿದು ಪುಸ್ತಕಗಳನ್ನು ತೂಗುತ್ತಿದ್ದ. ಇದು ಕಾಳು, ಇದು ಹೊಟ್ಟು ಎನ್ನುತ್ತಿದ್ದ. ಹೊಟ್ಟು ಓದುವವರನ್ನು ಕಂಡು ಯಾರಾದರೂ ನಕ್ಕು, ಓದಿದವರು ನಾಚಿ ತಲೆ ತಗ್ಗಿಸಿದರೆ ಸಾಕು, ಅವರ ಪುಸ್ತಕದ ಅಕ್ಷರಗಳು ಕಪ್ಪು ಇರುವೆಗಳಾಗಿ ಸಾಲುಗಟ್ಟಿ ಅವನ ಕೋಟೆಗೆ ನಡೆದುಬಿಡುತ್ತಿದ್ದವು. ದುಡಿಯುವವರ ಕೈಯಿಂದ ಕತೆ ಕಸಿಯಲು ಅವನಿಗೆ ಸೈನ್ಯ ಬೇಕಿರಲಿಲ್ಲ. ಜನರೇ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಒಂದು ಬೆಳಿಗ್ಗೆ ಹುಲಿಗೆವ್ವನ ಪುಸ್ತಕವೂ ಬರಿದಾಯಿತು. ಅವಳು ಮಾತು ಬಿಟ್ಟಳು, ಅನ್ನ ಬಿಟ್ಟಳು.

"ಯಾರು ನಕ್ಕರು ಹೇಳು ಯವ್ವಾ, ಅವರ ಹಲ್ಲು ಉದುರಿಸ್ತೀನಿ" ಎಂದಳು ದುರುಗಿ.

ಅವ್ವ ಮಗಳನ್ನು ಒಮ್ಮೆ ನೋಡಿ ಗೋಡೆಯ ಕಡೆ ಹೊರಳಿದಳು.

ದುರುಗಿ ಖಾಲಿ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಟೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಮನುಷ್ಯನ ಮುಖದ ಕೊಕ್ಕರೆ ನಿಂತಿತ್ತು. "ನೀನು ಏನು ಓದ್ತೀಯೆ?"

"ರಾಜನ ಕಾನೂನು ಓದ್ತೀನಿ. ದರೋಡೆಕೋರರ ಕತೆನೂ ಓದ್ತೀನಿ."

ಕೊಕ್ಕರೆ ಕಿಸಕ್ಕನೆ ನಕ್ಕಿತು. "ನಗು, ನಗು. ಎರಡರಲ್ಲೂ ಕಳ್ಳರೇ ಇರೋದು" ಎಂದಳು ದುರುಗಿ. ಅವಳು ತಲೆ ತಗ್ಗಿಸಲಿಲ್ಲ. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಉಗುರಿನ ಕರಡಿ ಇತ್ತು. "ಕತೆ ಓದಿ ನಿನಗೆ ಸಿಕ್ಕಿದ್ದೇನು?"

"ಖುಷಿ."

"ಅಷ್ಟೇನಾ?"

"ಹತ್ತು ತಾಸು ಬಾನಿ ಮುಂದೆ ನಿಂತು ನೋಡು ಕರಡಿಯಪ್ಪಾ. ಆಮೇಲೆ ಅಷ್ಟೇನಾ ಅಂತ ಕೇಳು."

ಕರಡಿ ತನ್ನ ಉಗುರು ನೋಡಿಕೊಳ್ಳುತ್ತಾ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಒಂದು ಮುದಿ ಆಮೆ. ಅದು ಮೆಲ್ಲಗೆ ಕೇಳಿತು: "ನೀನು ಯಾರ ಓದನ್ನು ನೋಡಿ ನಕ್ಕಿದ್ದೀಯೆ?"

"ಯಾರದನ್ನೂ ಇಲ್ಲ!"

ಬಾಗಿಲು ಒಂದು ಮೊಳ ಕಿರಿದಾಯಿತು. ಆಮೆ ಮತ್ತೆ ಕೇಳಿತು. ದುರುಗಿ ಮತ್ತೆ ಇಲ್ಲವೆಂದಳು. ಬಾಗಿಲು ಬೆಕ್ಕು ತೂರುವಷ್ಟಾಯಿತು. ಆಗ ಅವಳಿಗೆ ಗೋಡೆಯ ಕಡೆ ಹೊರಳಿದ ಅವ್ವನ ಬೆನ್ನು ನೆನಪಾಯಿತು. ಕಟ್ಟೆಯ ಮುಂದೆ ಎಲ್ಲರೂ ಕೇಳುವಂತೆ ತಾನೇ ಆಡಿದ ಮಾತು ನೆನಪಾಯಿತು: "ಮತ್ತೆ ಆ ಮೊಸಳೆನಾ? ಅಕ್ಷರ ಕಲಿಸಿದ್ದು ಇದಕ್ಕೇನಾ? ನಾಚಿಕೆ ಆಗಲ್ವಾ ನಿಂಗೆ?"

ಅವಳು ಆಮೆಯ ಮುಂದೆ ಕೂತಳು. "ನನ್ನವ್ವನ ಓದನ್ನ ನೋಡಿ ನಕ್ಕೆ. ಅವಳ ಬಾಯಿಂದ ಕತೆ ಕಿತ್ತವಳು ನಾನೇ."

ಬಾಗಿಲು ಪೂರ್ತಿ ತೆರೆಯಿತು.

ಒಳಗೆ ಸಾವಿರ ಗಡಿಗೆಗಳಲ್ಲಿ ಇರುವೆಗಳು ಸರಸರ ಎನ್ನುತ್ತಿದ್ದವು. ಗಹನಕೇತು ತಕ್ಕಡಿ ಹಿಡಿದು ಕೂತಿದ್ದ. "ನೀನು ಬುದ್ಧಿವಂತೆ. ಘನವಾದ ಪುಸ್ತಕಗಳ ಅಕ್ಷರಗಳನ್ನೆಲ್ಲ ನಿನಗೆ ಕೊಡ್ತೀನಿ. ಆ ಮುದುಕಿಯ ಮೊಸಳೆ ಇಲ್ಲೇ ಸಾಯಲಿ" ಎಂದ.

"ಆ ಮೊಸಳೆನೇ ಬೇಕು ನಂಗೆ."

"ಹಾಗಾದರೆ ಓದು, ನೋಡೋಣ. ಓದಿದರೆ ಅಕ್ಷರ ನಿನ್ನದು."

ದುರುಗಿ ಪುಸ್ತಕ ಬಿಡಿಸಿದಳು. ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಆದರೆ ಅವ್ವನ ಬೆರಳು ಹರಿದಲ್ಲೆಲ್ಲ ನೀಲಿ ಗುರುತಿತ್ತು. ಕಷ್ಟದ ಪದ ಬಂದಲ್ಲಿ ಬೆರಳು ನಿಂತು ಗುರುತು ದಟ್ಟವಾಗಿತ್ತು. ನಗು ಬಂದಲ್ಲಿ ಬೆರಳು ಜಾರಿ ಗೆರೆ ಸೊಟ್ಟಗಾಗಿತ್ತು. ದುರುಗಿ ಆ ಗುರುತಿನ ಮೇಲೆ ತನ್ನ ಬೆರಳಿಟ್ಟಳು. ಅವ್ವ ತಡವರಿಸಿದಲ್ಲಿ ತಡವರಿಸಿದಳು, ಅವ್ವ ನಕ್ಕಲ್ಲಿ ನಕ್ಕಳು. ನೂರು ಸಲ ಕೇಳಿದ ಕತೆ ಬಾಯಿಗೆ ಬಂತು.

ಗಹನಕೇತು ಗಹಗಹಿಸಿದ. ಅವಳು ತಲೆ ಎತ್ತಿಯೇ ಓದಿದಳು. ಕೊಕ್ಕರೆ ಬಂತು, ಕರಡಿ ಬಂತು, ಆಮೆಯೂ ಬಂತು. ಕತೆಯಲ್ಲಿ ಮದುಮಗನ ಧೋತರದ ಕೆಳಗಿಂದ ಮೊಸಳೆಯ ಬಾಲ ಇಣುಕಿತು, ಹೆಣ್ಣಿನ ತಾಯಿ ಅದನ್ನು ತುಳಿದಳು. ಅಲ್ಲಿಗೆ ದುರುಗಿ ಪುಸ್ತಕ ಮುಚ್ಚಿದಳು.

"ಆಮೇಲೆ?" ಎಂದ ಗಹನಕೇತು.

ಕೇಳಬಾರದೆಂದರೂ ಮಾತು ಬಾಯಿಂದ ಬಿದ್ದಿತ್ತು. ಹೊಟ್ಟು ಎಂದವನಿಗೇ ಆ ಕತೆ ಬೇಕಾಗಿತ್ತು. ತಕ್ಕಡಿಯ ದಂಡಿ ಲಟಕ್ಕನೆ ಮುರಿಯಿತು. ಗಡಿಗೆಗಳು ಒಡೆದವು. ಇರುವೆಗಳು ಸಾಲುಗಟ್ಟಿ, ಹೊಲ ದಾಟಿ, ಹೊಸಿಲು ದಾಟಿ, ತಮ್ಮ ತಮ್ಮ ಹಾಳೆಗಳಿಗೆ ಹತ್ತಿಕೊಂಡವು. ಮಾಂತ್ರಿಕನಲ್ಲಿ ಮಂತ್ರ ಉಳಿಯಲಿಲ್ಲ, ಬರಿಯ ಮನುಷ್ಯ ಉಳಿದ. ಅವನು ನಾಳೆಯಿಂದ ಬಾನಿಯಲ್ಲಿ ನೂಲು ಅದ್ದಬೇಕೆಂದು ಕೇರಿಯವರು ತೀರ್ಮಾನಿಸಿದರು. ಕತೆ ಕೇಳುವುದಕ್ಕೆ ಅವನಿಗೂ ಅಡ್ಡಿಯಿರಲಿಲ್ಲ.

ದುರುಗಿ ಮನೆಗೆ ಬಂದು ಪುಸ್ತಕವನ್ನು ಅವ್ವನ ಮಡಿಲಲ್ಲಿಟ್ಟಳು. ಹಾಳೆ ತುಂಬ ಅಕ್ಷರ. ಹುಲಿಗೆವ್ವ ಮಗಳನ್ನು ನೋಡಿ, ಬೆದರಿ, ಅದನ್ನು ಸೆರಗಿನಡಿ ಮುಚ್ಚಿಕೊಂಡಳು.

ಮಗಳು ಅವಳ ಕಾಲ ಬಳಿ ಕೂತಳು. "ತಪ್ಪಾಯ್ತು ಯವ್ವಾ. ಹೆಣ್ಣಿನ ತಾಯಿ ಬಾಲ ತುಳಿದಳಲ್ಲ, ಆಮೇಲೆ ಏನಾಯ್ತು?"

"ನಿಂಗೆ ಗೊತ್ತಲ್ಲ."

"ನೀನು ಓದು."

ಹುಲಿಗೆವ್ವ ಒಂದು ತುತ್ತು ಅನ್ನ ತಿಂದಳು. ಕೈ ತೊಳೆದಳು. ಬೆರಳನ್ನು ಸಾಲಿನ ಕೆಳಗಿಟ್ಟು ತಡವರಿಸಿ ಓದಿದಳು. ಅಂದಿನಿಂದ ಮೂಡಗಿರಿಯಲ್ಲಿ ತಮಗೆ ಬೇಕಾದ್ದನ್ನು ಓದಲು ಯಾರೂ ನಾಚಲಿಲ್ಲ. ಎಲ್ಲರೂ ಉಂಡರು, ದುಡಿದರು, ಓದಿದರು, ಸುಖವಾಗಿದ್ದರು.