ಕೋಡಿಯ ಅಳತೆ ಹಲಗೆ

ದೇಶದ ಜಲಸಂಪತ್ತಿನ ಭವಿಷ್ಯವನ್ನೇ ಅಲುಗಾಡಿಸುವಂಥ ಘೋರ ಕೃತ್ಯವೊಂದು ೨೦೦೩ರ ಫೆಬ್ರವರಿಯಲ್ಲಿ, ಸಾಸ್ತಾನದ ಪಕ್ಕದ ಕೋಡಿ ಎಂಬ ಊರಿನಲ್ಲಿ ನಡೆಯಿತು. ಸಮುದ್ರದ ಉಬ್ಬರಕ್ಕೆ ಹೊಳೆ ನೀರು ಏರಿಳಿಯುವುದನ್ನು ನೋಡಲು ನೆಟ್ಟಿದ್ದೆಂದು ಸರಕಾರದ ಕಡತ ಹೇಳುವ ಆರಡಿಯ ಒಂದು ಹಲಗೆ ಕಾಣೆಯಾಯಿತು. ಊರವರ ಮಟ್ಟಿಗೆ ಅದು ಕಟ್ಟಿಗೆ. ಸರಕಾರದ ಮಟ್ಟಿಗೆ ಉಪಕರಣ. ಕಟ್ಟಿಗೆ ಕದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತದೆ. ಉಪಕರಣ ಕದ್ದರೆ ಪೊಲೀಸರೇ ಬರಬೇಕು.

ಸೋಮವಾರ ಬೆಳಿಗ್ಗೆ ಆಟೋ ವೆಂಕಟ ಸಾಸ್ತಾನದ ಮೀನುಪೇಟೆಯ ಎದುರು ಬೀಡಿ ಹಚ್ಚುವಷ್ಟರಲ್ಲಿ ಚಿಪ್ಪು ಹೆಕ್ಕುವ ಬಾಗಿ ಏದುಸಿರು ಬಿಡುತ್ತ ಬಂದು ಕುಸುಮಕ್ಕನ ಬುಟ್ಟಿಯ ಮುಂದೆ ಕುಕ್ಕರಿಸಿದಳು. ಕುಸುಮಕ್ಕ ಮೂವತ್ತು ವರ್ಷದಿಂದ ಮೀನು ಮಾರುವವಳು. ಕಿವಿರು ಎತ್ತಿ ನೋಡದೆ ಮೀನನ್ನೂ ನಂಬಳು, ಮನುಷ್ಯರನ್ನೂ ನಂಬಳು. ಕಳುವಾದ ಬಲೆ, ತಪ್ಪಿಸಿಕೊಂಡ ಕರು, ಹೆಸರಿಲ್ಲದ ಕಾಗದ ಎಲ್ಲವೂ ಠಾಣೆಗೆ ಹೋಗುವ ಮೊದಲು ಅವಳ ಬುಟ್ಟಿಗೆ ಬರುತ್ತಿದ್ದವು. ಅವಳನ್ನು ಅಲ್ಲಲ್ಲಿಗೆ ಕರೆದೊಯ್ದು, ಎಲ್ಲ ಅರ್ಥವಾದವನಂತೆ ತಲೆಯಾಡಿಸುವುದು ವೆಂಕಟನ ಪಾಲಿಗೆ ಬಂದ ಕೆಲಸ.

"ಕುಸುಮಕ್ಕ, ಹೊಳಿ ಅಳತಿ ಆಫೀಸಿನವ್ರ್ ನನ್ ದೋಣಿ ಹಿಡ್ಕಂಡ್ ಹೋಯಿ ಅವ್ರ್ ತೆಂಗಿನ ಮರಕ್ಕೆ ಸರ್ಪಳಿ ಹಾಕಿರ್. ಹಲ್ಗಿ ಕದ್ದದ್ದ್ ನಾನಂಬ್ರ್. ಮಧ್ಯಾಹ್ನ ಪೊಲೀಸ್ರಿಗೆ ಕೊಡ್ತ್ರಂಬ್ರ್. ದೋಣಿ ಹೋರೆ ನನ್ ಹೊಟ್ಟಿಗೆ ಎಂತ?"

"ಹಲ್ಗಿ ಎಲ್ಲಿತ್ತ್?"

"ಅದೇ ನಂಗೂ ಗೊತ್ತಿಲ್ಲೆ. ದಿನಾ ಅಲ್ಲೇ ಚಿಪ್ಪ್ ಹೆಕ್ತೆ. ಹಲ್ಗಿ ಅಂಬುದನ್ನ ನಾನ್ ಕಂಡದ್ದೇ ಇಲ್ಲ."

"ಕಳ್ಳರೆಲ್ಲ ಹಾಂಗೇ ಹೇಳುದ್," ಎಂದ ವೆಂಕಟ.

"ಕಳ್ಳರ್ 'ನಾನ್ ತೆಗೀಲಿಲ್ಲ' ಅಂತ್ರ್ ಮಾರಾಯ. 'ಅದ್ ಇರ್ಲೇ ಇಲ್ಲ' ಅಂಬುಕೆ ಕಳ್ಳರಿಗೂ ಧೈರ್ಯ ಸಾಲ. ಆಟೋ ತೆಗಿ."

ಬಾಗಿ ಹೇಳಿದ ಆಫೀಸು, ಅಂದರೆ ಸರಕಾರದ ಸಂಶೋಧನಾ ಕೇಂದ್ರ, ಹೊಳೆಬದಿಯ ಒಂದು ಬಾಡಿಗೆಯ ಹಂಚಿನ ಮನೆ. ಜಲ, ನೆಲ, ಜೀವಿ ಎಂದು ಬರೆದ ಅದರ ಫಲಕ ಮನೆಗಿಂತ ಅಗಲವಾಗಿತ್ತು. ಜಗಲಿಯಲ್ಲಿ ಎರಡು ಕೆಂಪುಕಲ್ಲಿನ ಮೇಲೆ ಅಗಲ ಕಡಿಮೆಯ ಒಂದು ಬೆಂಚು. ಕುಸುಮಕ್ಕ ಅದರ ಮೇಲೆ ಕುಳಿತದ್ದೇ ಅದು ಗಡಗಡ ಅಲುಗಿತು. ಬೀಳದಂತೆ ಅವಳು ಅಡಿಯಿಂದ ಕೈಯಲ್ಲಿ ಹಿಡಿದುಕೊಂಡಳು. ಆಮೇಲೂ ಬೆರಳುಗಳು ಏನನ್ನೋ ಎಣಿಸುವಂತೆ ಅಲ್ಲೇ ಓಡಾಡುತ್ತಿದ್ದುದನ್ನು ವೆಂಕಟ ಕಂಡ.

"ಈ ಬೆಂಚ್ ಹೊಸ್ತಾ ಶೀನ?" ಎಂದು ಜವಾನನನ್ನು ಕೇಳಿದಳು.

"ಇಲ್ಲಕ್ಕ, ಆಫೀಸ್ ಸುರುವಾದಾಗಿಂದ ಇತ್ತ್. ನಾನ್ ಮಧ್ಯಾಹ್ನ ಮಲಗುದೂ ಇದ್ರ್ ಮೇಲೇ."

ಒಳಗಿನಿಂದ ಇಬ್ಬರು ಬಂದರು. ಒಬ್ಬರು ಕೇಂದ್ರದ ಸಹಾಯಕ ವಿಜ್ಞಾನಿ ಪ್ರೇಮಾನಂದ. ಇನ್ನೊಬ್ಬರು ಹಿಂದಿನ ಸಂಜೆಯಷ್ಟೇ ಬೆಂಗಳೂರಿನಿಂದ ಇಳಿದಿದ್ದ ನಿರ್ದೇಶಕ ಡಾಕ್ಟರ್ ರವಿರಾಜ್. ಕುತ್ತಿಗೆಗೆ ದುರ್ಬೀನು ತೂಗುಹಾಕಿಕೊಂಡಿದ್ದರು.

"ಶನಿವಾರ ಸಂಜೆ ಐದಕ್ಕೆ ನಾನೇ ಅಳತೆ ಬರೆದೆ," ಎಂದರು ಪ್ರೇಮಾನಂದ. "ಭಾನುವಾರ ಬೆಳಿಗ್ಗೆ ನೋಡಿದರೆ ಬರೀ ಕುಳಿ. ಈ ಬಾಗಿ ಆ ಜಾಗಕ್ಕಾಗಿ ನನ್ನ ಹತ್ತಿರ ಜಗಳವಾಡಿದ್ದಳು."

"ಆರು ತಿಂಗಳು ಉಪ್ಪುನೀರಲ್ಲಿದ್ದ ಹಲಗೆ," ಎಂದರು ರವಿರಾಜ್. "ಅದಕ್ಕೆ ಅಂಟಿ ಬೆಳೆದ ಚಿಪ್ಪು ಎಣಿಸಲೆಂದೇ ನಾನು ಬಂದದ್ದು. ಶುಕ್ರವಾರವೇ ಫೋನಿನಲ್ಲಿ ತಿಳಿಸಿದ್ದೆ. ಹೋದದ್ದು ಹಲಗೆಯಲ್ಲಮ್ಮ, ದತ್ತಾಂಶ!"

ದತ್ತಾಂಶವೆಂದರೇನೆಂದು ವೆಂಕಟನಿಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದರೆ ಹತ್ತಿರದ ಸಂಬಂಧಿಕರ ಪೈಕಿ ಇರಬೇಕು ಅನ್ನಿಸಿತು.

"ಅಳತಿ ಬರ್ದ ಪುಸ್ತಕ ಒಂಚೂರ್ ಕಾಂಬುಕಕ್ಕಾ?"

ನಿರ್ದೇಶಕರು ಮಗುವಿನ ಫೋಟೋ ತೋರಿಸುವ ಹೆಮ್ಮೆಯಲ್ಲಿ ಪುಸ್ತಕ ಬಿಡಿಸಿದರು. ಮುತ್ತಿನಂಥ ಅಕ್ಷರ. ವೆಂಕಟನೂ ಇಣುಕಿದ. ಪ್ರತಿದಿನ ಪೂರ್ತಿ ಏರು ಬೆಳಿಗ್ಗೆ ಹನ್ನೊಂದಕ್ಕೆ, ಪೂರ್ತಿ ಇಳಿತ ಸಂಜೆ ಐದಕ್ಕೆ. ಭಾನುವಾರದ ಕಡೆ ಮಾತ್ರ 'ರಜೆ' ಎಂದಿತ್ತು. ಹೀಗೆ ಆರು ತಿಂಗಳು.

"ಚೆಂದ ಬರ್ದಿರಿ," ಎಂದಳು ಕುಸುಮಕ್ಕ. "ಕುಳಿ ಕಾಂಬ, ಬನ್ನಿ."

ದಂಡೆಯಿಂದ ನಾಲ್ಕು ಹೆಜ್ಜೆ ಕೆಳಗೆ, ಕೆಸರಿನಲ್ಲಿ ಕುಳಿ ಇತ್ತು. ಚೌಕಾಕಾರ. ಗುದ್ದಲಿಯ ಏಟು ಬಿದ್ದ ಅಂಚುಗಳು ಬೆಲ್ಲದಚ್ಚು ಕತ್ತರಿಸಿದಷ್ಟು ಚೂಪಾಗಿದ್ದವು. ಹೊಳೆ ದೂರ ಸರಿದು, ಚಿಪ್ಪು ಹೆಕ್ಕುವ ಹೆಂಗಸರು ನಡುವಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದರು. ದಂಡೆಯ ಕಲ್ಲಿನ ಮೇಲೆ ಹಿಂದಿನ ಏರಿನ ಒದ್ದೆ ಗೆರೆ ಕುಳಿಗಿಂತ ಒಂದಾಳು ಎತ್ತರದಲ್ಲಿತ್ತು.

"ಗಂಟೆ ಎಷ್ಟಾಯ್ತ್ ವೆಂಕಟ?"

"ಹನ್ನೊಂದ್."

"ಎಲ್ಲರೂ ಜಗಲಿಗೆ ಬನ್ನಿ. ಬಾಗಿ, ನೀನೂ ಬಾ ಮಾರಾಯ್ತಿ, ಹೆದ್ರಬೇಡ."

ಜಗಲಿಯಲ್ಲಿ ನಿರ್ದೇಶಕರೂ ಪ್ರೇಮಾನಂದರೂ ಬೆಂಚಿನ ಮೇಲೆ ಕುಳಿತರು. ಶೀನ ಕಂಬಕ್ಕೊರಗಿದ. ಬಾಗಿ ಮೆಟ್ಟಿಲ ಮೇಲೆ ನಿಂತು ತನ್ನ ದೋಣಿಯನ್ನೇ ನೋಡುತ್ತಿದ್ದಳು.

"ಧಣಿ, ಗಂಟೆ ಹನ್ನೊಂದ್," ಎಂದಳು ಕುಸುಮಕ್ಕ. "ಪುಸ್ತಕದಂಗೆ ಈಗ ಹೊಳಿ ತುಂಬಿರ್ಕ್. ಹೊಳಿ ಕಾಣಿ."

ರವಿರಾಜ್ ಹೊಳೆ ಕಂಡರು. ದುರ್ಬೀನಿಲ್ಲದೆ ಅವರು ಅದನ್ನು ಕಂಡದ್ದು ಬಹುಶಃ ಅದೇ ಮೊದಲು.

"ಏರ್ ದಿನಕ್ಕೆ ಮುಕ್ಕಾಲ್ ತಾಸ್ ತಡ ಆತ್ತ್. ಅಮಾಸಿಗೆ ಹನ್ನೊಂದಕ್ಕೆ ತುಂಬಿದ ಹೊಳಿ ಅಷ್ಟಮಿಗೆ ಅದೇ ಹನ್ನೊಂದಕ್ಕೆ ಖಾಲಿ. ನಿನ್ನೆ ಅಷ್ಟಮಿ."

"ಅದು ನಮಗೆ ಗೊತ್ತಿರುವ ವಿಷಯವೇ," ಎಂದರು ರವಿರಾಜ್.

"ಗೊತ್ತಿತ್ತಾ? ಪುಸ್ತಕಕ್ಕೆ ಗೊತ್ತಿಲ್ಲೆ. ಇವ್ರ್ ಒಂದ್ ದಿನ ಕಂಡ್ ಬರ್ದ್, ಉಳ್ದ ದಿನಕ್ಕೆ ಅದನ್ನೇ ಇಳ್ಸಿರ್. ಆಫೀಸ್ ಹತ್ತಕ್ಕೆ, ಕಾಫಿ ಹತ್ತೂವರೆಗೆ, ಸಮುದ್ರ ಹನ್ನೊಂದಕ್ಕೆ. ಇನ್ನ್ ಕುಳಿ. ಶನಿವಾರ ರಾತ್ರಿಯಿಂದ ಮೂರ್ ಏರ್ ಬಂದ್ ಹೋಯ್ತ್. ಕೆಸರಿನ ಕುಳಿ ಒಂದೇ ಏರಿಗೆ ಮುಚ್ಚತ್ತ್. ಇದನ್ನ ತೋಡಿದ್ದ್ ಇವತ್ತ್ ಬೆಳಿಗ್ಗೆ, ನಿಮಗೆ ತೋರ್ಸೂಕೆ."

ಪ್ರೇಮಾನಂದ ನಕ್ಕರು. "ಹಾಗಾದರೆ ಹಲಗೆ ಎಲ್ಲಿ? ತೋರಿಸಿ ನೋಡೋಣ."

"ಒಂಚೂರ್ ಏಳಿ."

ಇಬ್ಬರೂ ಎದ್ದರು. ಕುಸುಮಕ್ಕ ಬಂಗುಡೆ ಮೀನು ಮಗುಚುವ ಹಾಗೆ ಬೆಂಚನ್ನು ಮಗುಚಿದಳು. ಅಡಿಯಲ್ಲಿ ಹೊಚ್ಚಹೊಸ ಬಿಳಿ ಬಣ್ಣ, ಸಾಲಾಗಿ ಕೊರೆದ ಕಪ್ಪು ಗೆರೆ, ಒಂದರಿಂದ ಆರರವರೆಗೆ ಅಂಕೆ. ಒಂದೇ ಒಂದು ಚಿಪ್ಪು ಅಂಟಿರಲಿಲ್ಲ. ಮೇಲ್ಬದಿಗೆ ಅಂಟಿದ್ದು ಶೀನನ ಲುಂಗಿಯ ಬಣ್ಣ ಮಾತ್ರ.

ವೆಂಕಟನಿಗೆ ತಡೆಯಲಾಗಲಿಲ್ಲ. "ಹಾಂಗಾರೆ ಶನಿವಾರವೇ ತಕಂಡ್ ಹೋಯಿ ನೆಡ್ಲಕ್ಕಿತ್ತಲೆ? ಕಳವಿನ ಕತಿ ಎಂತಕ್ಕೆ?"

"ನೆಟ್ರೆ ಹೊಳಿಗಿಳೀದ ಹಲ್ಗಿ ಅಂತ ಗೊತ್ತಾತ್ತ್ ಮಾರಾಯ. ಧಣಿ ಬಪ್ಪುದೇ ಚಿಪ್ಪ್ ಎಣ್ಸೂಕೆ. ಆರ್ ತಿಂಗ್ಳಿನ ಚಿಪ್ಪ್ ಒಂದ್ ರಾತ್ರಿಗೆ ಬೆಳೀತಾ? ಹಲ್ಗಿ ಕಳವಾರೆ ಚಿಪ್ಪೂ ಕಳವು. ಕಳ್ಳಿ ಬೇಕಿತ್ತ್, ಜಗಳ ಮಾಡಿದ ಬಾಗಿ ಸಿಕ್ಕಿದ್ಲ್. ಬೆಂಚ್ ತೆಗ್ದಿದ್ರೆ ಶೀನ ಕೇಳ್ತಿದ್ದ, ಅದ್ಕೆ ಮುಟ್ಲಿಲ್ಲ."

ರವಿರಾಜ್ ಹಲಗೆಯ ಮೇಲೆ ಬೆರಳಾಡಿಸಿ ಚಿಪ್ಪು ಹುಡುಕಿದರು.

"ಈ ದತ್ತಾಂಶದ ಮೇಲೆ ನಾನು ಎರಡು ಪ್ರಬಂಧ ಓದಿದ್ದೇನೆ," ಎಂದರು ಕೊನೆಗೆ. "ದಿಲ್ಲಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ, ಇದು ಹೊರಗೆ ಹೋಗಬಾರದು."

"ನಾನ್ ಮೀನ್‌ಪೇಟಿಯಗೆ ಕೂಕಂಬವ್ಳ್. ನನ್ ಬಾಯಿ ಕೂಡಾ ಮೀನ್‌ಪೇಟಿಯೇ. ಮೊದ್ಲ್ ಸರ್ಪಳಿ ಬಿಚ್ಚಿ."

ಪೊಲೀಸರಿಗೆಂದು ಬರೆದಿಟ್ಟಿದ್ದ ದೂರನ್ನು ನಿರ್ದೇಶಕರೇ ನಾಲ್ಕು ಚೂರು ಮಾಡಿದರು. ಪ್ರೇಮಾನಂದರಿಗೆ ಘಟ್ಟದ ಮೇಲಿನ ಹುಲಿ ಗಣತಿಗೆ ವರ್ಗವಾಯಿತು. ಹಲಗೆ ಬೆಂಚಾಗಿಯೇ ಉಳಿಯಿತು. ಬಾಗಿಯ ದೋಣಿಯನ್ನು ಅಂದೇ ಹನ್ನೆರಡು ಗಂಟೆಗೆ ಬಿಟ್ಟುಕೊಟ್ಟರು.